ಪ್ಯಾಕೆಟ್ಟಿನ ಸೀಮೋಲ್ಲಂಘನ

ಜಾಲತಾಣದ ಕಡತಗಳನ್ನು ಬಾಡಿಗೆಯ ಸರ್ವರಿನಲ್ಲಿರಿಸಿ ಹಗಲಿರುಳೂ ಲೋಕಕ್ಕೆ ಒದಗಿಸುವ ವ್ಯವಸ್ಥೆಗೆ ವೆಬ್ ಹೋಸ್ಟಿಂಗ್ ಎನ್ನುತ್ತಾರೆ. ಹೆಣ್ಣು ಕೊಡುವ ಮುನ್ನ ಗಂಡಿನ ಊರಿಗೆ ಬಸ್ಸಿದೆಯೇ ಎಂದು ವಿಚಾರಿಸುವ ಜನರೇ, ಈ ಸೇವೆಯನ್ನು ಕೊಳ್ಳುವಾಗ ಮಾತ್ರ ಡಿಸ್ಕಿನ ಗಾತ್ರವನ್ನೂ ತಿಂಗಳ ಬಾಡಿಗೆಯನ್ನೂ ಕೇಳಿ ತೃಪ್ತರಾಗಿ, ಸರ್ವರಿಗೆ ದಾರಿ ಹೇಗೆಂಬುದನ್ನು ಮರೆತುಬಿಡುತ್ತಾರೆ.

ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, ಬೆಂಗಳೂರಿನಿಂದ ಚೆನ್ನೈಗೆ ಹೋಗಿಬರಲು ಸಾಮಾನ್ಯವಾಗಿ 10 ಮಿಲಿಸೆಕೆಂಡು ಧಾರಾಳವಾಯಿತು. ಆದರೆ ಪ್ಯಾಕೆಟ್ಟೆಂಬ ಮಾಹಿತಿಯ ಪೊಟ್ಟಣವೊಂದನ್ನು ಕಳಿಸಿ ಮಾರುತ್ತರಕ್ಕೆ ಹಿಡಿದ ಹೊತ್ತನ್ನು ಅಳೆಯುವ, 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮು 70 ಎಂದು ತೋರಿಸಿದರೆ, ಪ್ಯಾಕೆಟ್ಟು ದೇಶಾಂತರ ಹೋಗಿದೆಯೆಂದು ಅನುಮಾನಿಸಬೇಕಾಗುತ್ತದೆ. ಅನುಮಾನವನ್ನು ಪರಿಹರಿಸುವುದು ಟ್ರೇಸ್‌ರೂಟ್ ಎಂಬ ಇನ್ನೊಂದು ಪ್ರೋಗ್ರಾಮು. ಪ್ರತಿ ಪ್ಯಾಕೆಟ್ಟಿನ ಹಣೆಯಲ್ಲಿ ಅದರ ಆಯುಸ್ಸು ಬರೆದಿರುತ್ತದೆ. ದಾರಿ ತೋರುವ ಯಂತ್ರವಾದ ರೂಟರಿನಿಂದ ರೂಟರಿಗೆ ಅದು ಒಂದೊಂದೇ ಇಳಿದು, ಸೊನ್ನೆಯಾದಲ್ಲಿ ಪ್ಯಾಕೆಟ್ಟು ಅಸುನೀಗಿ, ಅಲ್ಲಿನ ರೂಟರು ಕಳಿಸಿದವರಿಗೆ ಸಾವಿನ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟು 1, 2, 3 ಎಂದು ಆಯುಸ್ಸನ್ನು ಏರಿಸುತ್ತ, ಅಲ್ಪಾಯುಷಿಗಳನ್ನೇ ಸಾಲಾಗಿ ಅಟ್ಟಿ, ಸುದ್ದಿ ಬಂದ ವಿಳಾಸಗಳಿಂದ ದಾರಿಯ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಕೆಲವು ರೂಟರುಗಳು ಈ ಸೌಜನ್ಯವನ್ನೂ ತೋರದೆ ಸುಮ್ಮನಿರುವುದರಿಂದ, ಪಟ್ಟಿಯಲ್ಲಿ ಅಲ್ಲಲ್ಲಿ ಮೂರು ನಕ್ಷತ್ರ ಚಿಹ್ನೆಗಳು ಮಾತ್ರ ಕಾಣುತ್ತವೆ.

ಹೀಗೆ ಪರೀಕ್ಷಿಸಿದಾಗ, ಬೆಂಗಳೂರಿನ ಜಯನಗರದಿಂದ ಅದೇ ಊರಿನ ವೈಟ್‌ಫೀಲ್ಡಿನ ಸರ್ವರಿಗೆ ಹೊರಟ ಪ್ಯಾಕೆಟ್ಟು ಸಿಂಗಪುರವನ್ನು ಸುತ್ತಿಬರುವ ಪ್ರಸಂಗವೂ ಎದುರಾಗಬಹುದು; ನಡುವೆ ಸಿಗುವ ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ ಬಲ್ಲವರಿಗೆ ಇದು ವಿವೇಕವೆಂದೇ ತೋರೀತು. ದೇಶದೊಳಗಿನ ಸಂಚಾರ ದೇಶದೊಳಗೇ ಉಳಿಯಲೆಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಸಂಸ್ಥೆ ಸ್ಥಾಪನೆಯಾಗಿದ್ದರೂ, ದಾರಿಯ ಆಯ್ಕೆ ಭೂಗೋಳಕ್ಕಿಂತ ಹೆಚ್ಚಾಗಿ ಕಂಪನಿಗಳ ಕರಾರುಪತ್ರಗಳಿಗೆ ಸೇರಿದ್ದು. ಜಾಲಗಳ ನಡುವೆ ದಾರಿಯನ್ನು ಗೊತ್ತುಪಡಿಸುವ ಬಿಜಿಪಿ ಎಂಬ ನಿಯಮಾವಳಿ, 1989ರಲ್ಲಿ ಊಟದ ಮೇಜಿನ ಕಾಗದದ ನ್ಯಾಪ್ಕಿನ್ನುಗಳ ಮೇಲೆ ಗೀಚಲ್ಪಟ್ಟು ಜನಿಸಿದ್ದು, ಮೊದಲು ಜಾಲದ ಯಜಮಾನನ ಇಷ್ಟಾನಿಷ್ಟವನ್ನೂ ಬಳಿಕ ನಡುವೆ ಎಷ್ಟು ಜಾಲಗಳಿವೆ ಎಂಬುದನ್ನೂ ನೋಡುತ್ತದೆ. ಕಿಲೋಮೀಟರುಗಳ ಗೊಡವೆ ಅದಕ್ಕಿಲ್ಲ. ಹೋದ ದಾರಿಯಲ್ಲೇ ಉತ್ತರ ಮರಳಬೇಕೆಂಬ ನಿರ್ಬಂಧವೂ ಇಲ್ಲದ್ದರಿಂದ, ಪರೀಕ್ಷೆಯನ್ನು ಎರಡೂ ತುದಿಗಳಿಂದ ನಡೆಸಬೇಕು.

ಉಳಿದದ್ದು ಕೇಬಲ್ಲು. ಎರಡು ಕಂಪನಿಗಳ ಸಂಪರ್ಕವಿದೆ, ಒಂದು ಕೆಟ್ಟರೆ ಇನ್ನೊಂದು ಎಂದು ಮಾರಾಟಗಾರರು ಅಭಯವೀಯುತ್ತಾರಾದರೂ, ಎರಡೂ ಕೇಬಲ್ಲುಗಳು ಒಂದೇ ಚರಂಡಿಯ ಪಕ್ಕ ಒಂದೇ ಕೊಳವೆಯಲ್ಲಿ ಮಲಗಿದ್ದರೆ ಜೆಸಿಬಿಯ ಒಂದೇ ಬಾಚಿಗೆ ಎರಡೂ ಒಟ್ಟಿಗೆ ಮೇಲೆ ಬರುತ್ತವೆ. ಕೊಳವೆಗಳು ಬೇರೆಬೇರೆಯೇ ಎಂದು ಗ್ರಾಹಕರು ವಿಚಾರಿಸಿದಾಗ ಮಾರಾಟಗಾರರು ಸಾಮಾನ್ಯವಾಗಿ ಐದು ಇಮೇಲ್ ಖಾತೆಗಳನ್ನು ಉಚಿತವಾಗಿ ಕೊಡಲು ಮುಂದಾಗುತ್ತಾರೆ.