ಒಂದು ಫಟಫಟಿಯ ಜೀರ್ಣೋದ್ಧಾರ

ಗುಡಿ ಹಳೆಯದಾದರೆ ಅದರ ಜೀರ್ಣೋದ್ಧಾರ ಮಾಡಿಸುವವನಿಗೆ ಪುಣ್ಯವುಂಟು, ಕಲ್ಲಿನ ಮೇಲೆ ಹೆಸರುಂಟು, ಊಟದ ಪಂಕ್ತಿಯಲ್ಲಿ ಮೊದಲನೆಯ ಎಲೆಯುಂಟು. ಮೋಟಾರು ಸೈಕಲ್ಲು ಹಳೆಯದಾದರೆ ಅದರ ಜೀರ್ಣೋದ್ಧಾರಕ್ಕೆ ಕೈಯಿಕ್ಕುವವನಿಗೆ ಇವಾವುವೂ ಇಲ್ಲದೆ, ನೆರೆಹೊರೆಯವರ ಮರುಕವೂ ಮನೆಯವರ ಮೌನವೂ ಮಾತ್ರ ದಕ್ಕುವುವೆಂಬುದನ್ನು ಬಲ್ಲವನಾಗಿದ್ದೂ, ನಿವೃತ್ತಿಯ ಹಣ ಬ್ಯಾಂಕಿಗೆ ಬಂದು ಬೀಳುವಷ್ಟರಲ್ಲಿಯೇ, ಹಿಡಕಲ್ ಜಲಾಶಯದ ಹಿನ್ನೀರಿನ ಅಂಚಿನ ಒಂದು ಊರಿನಲ್ಲಿ, ದನದ ಕೊಟ್ಟಿಗೆಯೊಳಗೆ ಜೋಳದ ಕಣಿಕೆಯ ಕೆಳಗೆ ಹುದುಗಿದ್ದ 1976ನೆಯ ಇಸವಿಯ ಯೆಜ್ಡಿಯೊಂದನ್ನು ಒಂಬತ್ತು ಸಾವಿರ ರೂಪಾಯಿಗಳಿಗೆ ಕೊಂಡೆನು. ಗುಜರಿಯವನು ಅದಕ್ಕೆ ನಾಲ್ಕು ಸಾವಿರಕ್ಕಿಂತ ಒಂದು ಬಿಡಿಗಾಸನ್ನೂ ಹೆಚ್ಚಿಗೆ ಹೇಳಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಗಾಡಿಯನ್ನು ಹೇರಿಕೊಂಡ ಟೆಂಪೋ ಊರಗಸೆಯನ್ನು ದಾಟುವವರೆಗೂ ಮಾರಿದಾತನು ಕೈಮುಗಿದುಕೊಂಡೇ ನಿಂತಿದ್ದುದರ ಕಾರಣವೂ ಆಗಲೇ ಹೊಳೆಯಿತು.

ಇಂಥ ವ್ಯವಹಾರಕ್ಕೆ ಸಮರ್ಥನೆಯೇ ಇಲ್ಲವೆಂದು ಯಾರೂ ಭಾವಿಸಲಾಗದು. ಹೆಂಡತಿಯ ಸಮಕ್ಷಮ ನಾನು ಮಂಡಿಸಿದ ಸಮರ್ಥನೆಯು ಶುದ್ಧ ಐತಿಹಾಸಿಕವಾಗಿದ್ದಿತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಎಂಬ ಪಾರಸಿ ಮಹನೀಯರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದ್ದು, ಮರುವರ್ಷದಿಂದ ಝೆಕೊಸ್ಲೊವಾಕಿಯದ ಪರವಾನಗಿಯ ಮೇರೆಗೆ ಅಲ್ಲಿ ಜಾವಾ ಗಾಡಿಗಳು ತಯಾರಾಗತೊಡಗಿದ್ದು, 1973ರ ಸುಮಾರಿಗೆ ಆ ವಂಶಕ್ಕೆ ಯೆಜ್ಡಿಯೆಂದು ಮರುನಾಮಕರಣವಾದದ್ದು, 1996ರಲ್ಲಿ ಯಾದವಗಿರಿಯ ಆ ಕಾರ್ಖಾನೆಗೆ ಬೀಗ ಬಿದ್ದು ಸಾವಿರಾರು ಕೈಗಳ ಕಸುಬು ಬೀದಿಗೆ ಬಂದದ್ದು, ಮುಂದೆ 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ಗಾಡಿಗಳ ಟಾಕಿಯ ಮೇಲೆ ಪುನಃ ಕಾಣಿಸಿಕೊಂಡದ್ದು, ಇವೆಲ್ಲವನ್ನೂ ಮೂವತ್ತು ವರ್ಷ ಪಾಠ ಹೇಳಿದ ಕಂಠದಿಂದ ಕ್ರಮವಾಗಿ ವಿವರಿಸಿ, ಕನ್ನಡನಾಡಿನ ಉದ್ಯಮದ ಇತಿಹಾಸಕ್ಕೆ ಸಂಬಂಧಿಸಿದ ಒಂದು ಶಾಸನವೇ ನಮ್ಮ ಅಂಗಳಕ್ಕೆ ಬಂದು ನಿಂತಿರುವುದೆಂದು ಉಪಸಂಹಾರ ಮಾಡಿದೆನು. ಆಕೆಯು ಸಾವಧಾನವಾಗಿ ಆಲಿಸಿ, “ಶಾಸನ ಇದ್ರ ಹಿತ್ತಲದಾಗ ನಿಲ್ಲಸ್ರಿ, ಅಂಗಳದಾಗ ಎಣ್ಣಿ ಸೋರಾಕತೈತಿ” ಎಂದಳು.

ಸಂಕೇಶ್ವರದಲ್ಲೊಬ್ಬ ವೃದ್ಧ ಮಿಸ್ತ್ರಿಯಿದ್ದನು. ಗಾಡಿಯನ್ನು ಮೂರು ಸುತ್ತು ಬಂದು, ಟಾಕಿಗೆ ಕಿವಿಯಿಟ್ಟು, ಸೈಲೆನ್ಸರಿನೊಳಗೆ ಬೆರಳಾಡಿಸಿ ಮೂಸಿ, ಆತನು ನುಡಿದ ತೀರ್ಪನ್ನು ನಾನು ಯಾವ ವೇದಾಂತ ಗ್ರಂಥದಲ್ಲಿಯೂ ಕಂಡಿಲ್ಲ: “ಜೀವ ಐತ್ರೀ ಮಾಸ್ತರ, ಉಳಿದದ್ದು ಏನೂ ಇಲ್ಲ.” ಆ ಉಳಿದದ್ದನ್ನೆಲ್ಲ ಒದಗಿಸುವುದರಲ್ಲಿ ಒಂದು ಮಳೆಗಾಲ ಕಳೆಯಿತು. ಕಾರ್ಬ್ಯುರೇಟರಿನಿಂದ ಕಣಜದ ಗೂಡನ್ನೂ ಏರ್ ಫಿಲ್ಟರಿನಿಂದ ಇಲಿಯ ಸಂಸಾರವನ್ನೂ ಎಬ್ಬಿಸಿದ್ದಾಯಿತು. ಟಾಕಿಯೊಳಗೆ ಜಲ್ಲಿಯನ್ನು ತುಂಬಿ ಇಬ್ಬರು ಹುಡುಗರಿಂದ ತೂಗಿಸಿ ತುಕ್ಕು ಉದುರಿಸಿದ್ದಾಯಿತು. ತುಕ್ಕಿನಿಂದ ಕಚ್ಚಿಕೊಂಡಿದ್ದ ಪಿಸ್ಟನ್ನಿನ ನೆತ್ತಿಗೆ ಡೀಸೆಲಿನ ಅಭಿಷೇಕ ಮಾಡಿ ಬಿಡಿಸಿ, ಸಿಲಿಂಡರನ್ನು ಕೊಲ್ಲಾಪುರದ ಶಿವಾಜಿ ಉದ್ಯಮನಗರಕ್ಕೆ ಒಯ್ದು ಬೋರ್ ಹೊಡೆಸಿ ತಂದದ್ದಾಯಿತು. ಕೊಂಡ ಬೆಲೆಯ ನಾಲ್ಕು ಪಾಲು ಹಣ ಹೀಗೆ ಕರಗಿದ್ದನ್ನು ಮನೆಯಲ್ಲಿ ಎರಡು ಪಾಲೆಂದು ಹೇಳಿದೆನು. ಕೊನೆಗೊಂದು ಮುಂಜಾನೆ ಲೀಟರಿಗೆ ನಲವತ್ತು ಎಂ.ಎಲ್. ಎಣ್ಣೆ ಬೆರೆತ ಪೆಟ್ರೋಲನ್ನು ಕುಡಿದು ಆ ಒಂದೇ ಸಿಲಿಂಡರಿನ ಯಂತ್ರವು ತನ್ನ ಎರಡೂ ಸೈಲೆನ್ಸರುಗಳಿಂದ ಕೂಗಿದಾಗ, ನೀಲಿ ಹೊಗೆಯ ನಡುವೆ ನಿಂತು ನಾನು ಅತ್ತೆನೆಂದು ಮಿಸ್ತ್ರಿ ಹೇಳುತ್ತಾನೆ; ಹೊಗೆಗೆ ಕಣ್ಣುರಿಯುವುದು ಸಹಜ.

ಇನ್ನು ಪ್ರಥಮ ವಿಹಾರದ ವಿಷಯ. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಾನು ಹೇಳದಿದ್ದರೆ ಹತ್ತರಗಿಯಿಂದ ಯಮಕನಮರಡಿಯವರೆಗಿನ ಸಮಸ್ತ ಚಹದಂಗಡಿಗಳೂ ಹೇಳಲಿಕ್ಕೆ ಸಿದ್ಧವಾಗಿವೆ.

ಯೆಜ್ಡಿಯಲ್ಲಿ ಕಿಕ್ ಹೊಡೆಯುವ ದಂಡವೂ ಗಿಯರು ಹಾಕುವ ದಂಡವೂ ಒಂದೇ. ಎಡಗಾಲಿನ ಬಳಿಯ ಆ ದಂಡವನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು; ಯಂತ್ರವೆದ್ದ ಮೇಲೆ ಮುಂದಕ್ಕೆ ಮಲಗಿಸಿದರೆ ಗಿಯರು. ಇನ್ನು ಇದರ ಟೂ ಸ್ಟ್ರೋಕ್ ಯಂತ್ರಕ್ಕೆ ವಾಲ್ವುಗಳ ಬಂಧನವಿಲ್ಲ. ಪಿಸ್ಟನ್ನೇ ಏರಿಳಿಯುತ್ತ ಒಳಬಾಗಿಲು ಹೊರಬಾಗಿಲುಗಳನ್ನು ತೆರೆದು ಮುಚ್ಚುವುದರಿಂದ ಅದು ಬಲಕ್ಕೆ ಸುತ್ತಲೂ ಒಪ್ಪುವುದು, ಎಡಕ್ಕೆ ಸುತ್ತಲೂ ಒಪ್ಪುವುದು. ಅದಕ್ಕೆ ದಿಕ್ಕನ್ನು ಕಲಿಸುವುದು ಕಿಡಿ ಹಾರುವ ಕ್ಷಣ. ಪಾಯಿಂಟು ಸರಿದು ಕಿಡಿಯು ಹೊತ್ತಿಗೆ ಮುಂಚೆಯೇ ಹತ್ತಿದರೆ, ಒದೆಯುವ ಕಾಲೂ ಅರೆಮನಸ್ಸಿನದಾಗಿದ್ದರೆ, ಮೇಲೇರುತ್ತಿದ್ದ ಪಿಸ್ಟನ್ನು ತುದಿ ಮುಟ್ಟುವ ಮೊದಲೇ ಹಿಂದಿರುಗಿ ಯಂತ್ರವು ವಿಲೋಮವಾಗಿ ಸುತ್ತತೊಡಗುವುದುಂಟು. ಸದ್ದು ಅದೇ, ಹೊಗೆ ಅದೇ, ಗತ್ತೂ ಅದೇ. ಮಿಸ್ತ್ರಿಗಳು ಇದನ್ನು ‘ಉಲ್ಟಾ ಚಾಲೂ’ ಎನ್ನುತ್ತಾರೆ. ಎಲ್ಲ ಮಿಸ್ತ್ರಿಗಳೂ ಇದನ್ನು ಬಲ್ಲರು, ಯಾವ ಮಿಸ್ತ್ರಿಯೂ ಮೊದಲೇ ಹೇಳುವುದಿಲ್ಲ.

ಕಬ್ಬಿನ ಹಂಗಾಮಿನ ದಿನಗಳು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಹೆಡ್‌ಲೈಟಿಗೆ ಕುಂಕುಮ, ಹಿಂದೆ ಮಿಸ್ತ್ರಿ. ಬೆಳಗಾವಿಯ ದಿಕ್ಕಿಗೆ ಮುಖಮಾಡಿ ಹತ್ತರಗಿಯ ಟೋಲ್ ನಾಕೆಯ ಪಕ್ಕದ ಓಣಿಯನ್ನು ಹೊಕ್ಕೆನು. ದ್ವಿಚಕ್ರಕ್ಕೆ ಸುಂಕವಿಲ್ಲವಾದರೂ, ಇಂಥ ಗಾಡಿಯನ್ನು ನಾಲ್ಕು ಜನ ನೋಡಲೆಂದು ಬೂತಿನ ಮುಂದೆ ತುಸು ವೇಗವನ್ನು ತಗ್ಗಿಸಿದೆನು. ಅಷ್ಟಕ್ಕೇ ಯಂತ್ರವು ಆರಿತು. ಬೆನ್ನ ಹಿಂದೆ ಎರಡು ಟ್ರೇಲರು ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಅರಿಯದ ಅನಂತತೆ. ನಾಚಿಕೆಯಿಂದ ಕಾಲು ಕುಗ್ಗಿದ್ದುದರಿಂದ ಕಿಕ್ಕನ್ನು ಹಗುರಾಗಿ ಹೊಡೆದೆನು. ಯಂತ್ರವು ಒಂದೇ ಏಟಿಗೆ ಎದ್ದಿತು. ಆ ವಿಧೇಯತೆಗೆ ಉಬ್ಬಿ, ಬೂತಿನ ಹುಡುಗನತ್ತ ಗಂಭೀರವಾಗಿ ತಲೆಬಾಗಿಸಿ, ಗಿಯರು ಹಾಕಿ, ಕ್ಲಚ್ಚನ್ನು ಬಿಟ್ಟೆನು.

ಆಗ ಹತ್ತರಗಿಯ ಟೋಲ್ ನಾಕೆಯು ನನ್ನಿಂದ ದೂರ ಸರಿಯತೊಡಗಿತು.

ನಾಕೆಯು ಸರಿಯುವುದು ಅಸಂಭವವೆಂಬ ತರ್ಕ ನನಗೆ ಹೊಳೆಯುವುದಕ್ಕೆ ಮುನ್ನ ಹುಡುಗನು ‘ಬರ್ರಿ ಬರ್ರಿ’ ಎಂದು ಕೈಬೀಸಿದನು. ನಾನು ಹಿಂದಕ್ಕೆ ಹೋದೆನು. ಅವನು ಇನ್ನೂ ಜೋರಾಗಿ ಬೀಸಿದನು. ನಾನು ಇನ್ನೂ ಜೋರಾಗಿ ಹಿಂದಕ್ಕೆ ಹೋದೆನು, ಏಕೆಂದರೆ ಗಾಡಿಗೆ ಮುಂದೆ ಸಾಗುವ ಬಲ ಸಾಲದೆಂದು ಬಗೆದು ಆಕ್ಸಿಲರೇಟರನ್ನು ತಿರುಗಿಸುತ್ತಿದ್ದೆನು. ಬಲವು ಸಾಲದಿರಲಿಲ್ಲ. ಮುಖವು ಬೆಂಗಳೂರಿನ ಕಡೆಗೂ ಗಮನವು ಪುಣೆಯ ಕಡೆಗೂ ಆಗಿ, ಎದೆಯುಬ್ಬಿಸಿ ಕುಳಿತ ಆ ಭಂಗಿಯಲ್ಲಿಯೇ ನಾನು ರಾಷ್ಟ್ರೀಯ ಹೆದ್ದಾರಿ 48ನ್ನು ಹಿಮ್ಮುಖವಾಗಿ ಕ್ರಮಿಸುತ್ತಿರಲಾಗಿ, ವೇಗಮಾಪಕದ ಮುಳ್ಳೊಂದು ಮಾತ್ರ ಸೊನ್ನೆಯನ್ನು ಬಿಟ್ಟು ಕದಲದೆ, ಏನೂ ನಡೆದಿಲ್ಲವೆಂದು ಸಾಕ್ಷಿ ನುಡಿಯುತ್ತಿದ್ದಿತು. ಟ್ರ್ಯಾಕ್ಟರಿನ ತರುಣನು ಮೊದಲು ತನ್ನ ಹಾಡನ್ನು ನಿಲ್ಲಿಸಿದನು. ಅನಂತರ, ಎದುರಿಗೆ ಬೆನ್ನುಮಾಡಿ ಏರಿಬರುತ್ತಿರುವ ವೃದ್ಧನನ್ನು ಕಂಡು, ತಾನೂ ರಿವರ್ಸ್ ಹಾಕಿದನು. ಎರಡು ಟ್ರೇಲರಿನ ಟ್ರ್ಯಾಕ್ಟರು ಹಿಂದಕ್ಕೆ ನೆಟ್ಟಗೆ ಹೋಗುವುದುಂಟೆ? ಮೊದಲನೆಯ ಟ್ರೇಲರು ಗುಡ್ಡದ ಕಡೆಗೂ ಎರಡನೆಯದು ಹೊಲದ ಕಡೆಗೂ ಮುಖ ತಿರುವಿ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ನಿಂತುಬಿಟ್ಟವು. ಬಸ್ಸು ಹಾರ್ನ್ ಬಾರಿಸಿತು. ಬಸ್ಸಿನೊಳಗಿನ ಶಾಲೆಯ ಮಕ್ಕಳು ಕಿಟಕಿಯಿಂದ ಹೊರಬಾಗಿ “ಸರ್ ರೀ, ಸರ್ ರೀ!” ಎಂದು ಜಯಕಾರವಿತ್ತರು. ಅವರಿಗೆ ಮುನ್ನುಗ್ಗುವುದನ್ನು ಕುರಿತು ನಾನು ಬೋಧಿಸಿದ ಪಾಠಗಳು ಆ ಕ್ಷಣದಲ್ಲಿ ನನಗೆ ಒಂದೊಂದಾಗಿ ನೆನಪಾದವು. ಎರಡನೆಯ ಗಿಯರು ಹಾಕಿದರೆ ಪರಿಹಾರವಾದೀತೆಂದು ಹಾಕಿದೆನು, ಪರಿಹಾರವಾಗಲಿಲ್ಲ, ವೇಗವಾಯಿತು. ಅಷ್ಟು ಹೊತ್ತಿಗೆ ಹಿಂದಿನ ಸೀಟಿನಿಂದ, ಅಂದರೆ ಆ ಯಾತ್ರೆಯ ಮುಂಚೂಣಿಯಿಂದ, ಮಿಸ್ತ್ರಿಯ ಪ್ರಶಾಂತವಾದ ಕಂಠ ಕೇಳಿಬಂದಿತು: “ಮಾಸ್ತರ, ಚಾವಿ ತಗೀರಿ. ಟೈಮಿಂಗ್ ಸ್ವಲ್ಪ ಹಿಂದ ಮುಂದ ಆಗೈತಿ.”

ಈ ಘಟನೆಯ ಅನಂತರ ಗಾಡಿಗೆ ಬಂದ ಖ್ಯಾತಿಯನ್ನು ವರ್ಣಿಸಲಾರೆನು. ಮೂಡಲಗಿಯ ದನದ ಸಂತೆಗೆ ಇಂಥದೇ ಯೆಜ್ಡಿಯ ಮೇಲೆ ಕರುವನ್ನು ಮಡಿಲಲ್ಲಿಟ್ಟುಕೊಂಡು ಹೋಗಿದ್ದವನು ಬಂದನು. ಶ್ರಾವಣದಲ್ಲಿ ಗೋಕಾಕದ ಜಲಪಾತ ನೋಡಲು ಒಂದೇ ಸೀಟಿನ ಮೇಲೆ ನಾಲ್ವರು ಹೋಗಿದ್ದೆವೆಂದು ಹೇಳುವವನು ಕರದಂಟಿನ ಡಬ್ಬಿಯೊಡನೆ ಬಂದನು. ಇವರಾರೂ ನನ್ನ ಅಪ್ಪಣೆ ಕೇಳದೆ ಗಾಡಿಯ ಮೇಲೆ ಕುಳಿತು, ಹ್ಯಾಂಡಲು ಹಿಡಿದು, ಬಾಯಿಂದಲೇ ಅದರ ಸದ್ದನ್ನು ಮಾಡಿ, ಇಳಿದು ಚಹ ಕುಡಿದು ಹೋದರು. ಹಣ ಕೊಟ್ಟವನು ನಾನಾದರೂ, ಎಂದಾದರೊಮ್ಮೆ ಅದರ ಬೆನ್ನೇರಿದವರೆಲ್ಲರಿಗೂ ಅದರಲ್ಲೊಂದು ಪಾಲುಂಟೆಂಬುದನ್ನು ನಾನು ಒಪ್ಪಲೇಬೇಕಾಯಿತು.

ಆದರೆ ಮಹಾನಗರಗಳಿಂದ ಬರುವ ಇನ್ನೊಂದು ವರ್ಗದವರನ್ನು ನಾನು ಸಹಿಸಲಾರೆನು. ಇವರು ಚಹ ಕುಡಿಯುವುದಿಲ್ಲ. ಮಂಡಿಯೂರಿ, ಟಾರ್ಚು ಬಿಟ್ಟು, ಇಂಜಿನ್ ನಂಬರೂ ಚಾಸಿ ನಂಬರೂ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿ, ಒಂದು ನಟ್ಟು ಮೂಲದ್ದಲ್ಲವೆಂದು ನಿಟ್ಟುಸಿರಿಟ್ಟು, ಲಕ್ಷದ ಮಾತಾಡುತ್ತಾರೆ. ಕೊಂಡೊಯ್ದ ಮೇಲೆ ಅದನ್ನು ಓಡಿಸುವರೆ? ಇಲ್ಲ, ಗಾಡಿಯನ್ನು ಮತ್ತೊಂದು ಗಾಡಿಯ ಮೇಲೆ ಹೇರಿಕೊಂಡು ಪ್ರದರ್ಶನಕ್ಕೆ ಒಯ್ಯುವರು. ಅವರಲ್ಲೊಬ್ಬನು, ಐವತ್ತು ತುಂಬಿದ ಗಾಡಿಗೆ 2021ರ ಕೇಂದ್ರ ನಿಯಮದ ಪ್ರಕಾರ ‘ವಿಂಟೇಜ್’ ಪಟ್ಟವನ್ನೂ ‘ವಿಎ’ ಎಂಬ ಅಕ್ಷರಗಳ ವಿಶೇಷ ಫಲಕವನ್ನೂ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ ಕಟ್ಟಿ ಪಡೆಯಬಹುದೆಂದು ನನಗೆ ಉಪದೇಶಿಸಿದನು. ಹಾಗೆ ಪಟ್ಟ ಪಡೆದ ಗಾಡಿಯು ನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಯಕೂಡದು. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಇಂಧನ ತುಂಬಿಸಲಿಕ್ಕೆ, ರಿಪೇರಿಗೆ ಮಾತ್ರ ಇಳಿಯಬಹುದು. ರಿಪೇರಿಗೆ ಮಾತ್ರ ರಸ್ತೆಗೆ ಇಳಿಯುವ ವ್ರತವನ್ನು ನನ್ನ ಗಾಡಿಯು ಶುಲ್ಕವಿಲ್ಲದೆಯೇ ಮೊದಲಿನಿಂದ ಪಾಲಿಸಿಕೊಂಡು ಬಂದಿದೆಯೆಂದು ಆತನಿಗೆ ತಿಳಿಸಿ ಬೀಳ್ಕೊಟ್ಟೆನು.

ಕೊನೆಗೆ ಬಂದವಳು ನಮ್ಮ ಓಣಿಯ ಮುದುಕಿ. ಆಕೆ ಗಾಡಿಯ ಮೇಲೆ ಕೂರಲಿಲ್ಲ. ಹಿಂದಿನ ಸೀಟಿನ ಮೇಲೆ ಅಂಗೈಯಿಟ್ಟಳು. “ಕಬ್ಬಿನ ಹೊಲದಾಗ ನನ್ನ ಮಗಾಗ ಹಾವು ಕಡದಾಗ ಇದರ ಮ್ಯಾಲ ಘಟಪ್ರಭಾದ ದವಾಖಾನಿಗೆ ಒಯ್ದಿದ್ರಿ. ಅಂವಾ ನಡುವ, ನಾ ಹಿಂದ. ಹಾದಿ ತುಂಬ ಅವನ ಹೆಸರ ಹಿಡದ ಕರಕೋತ ಹೋಗಿದ್ನಿ, ಕಣ್ಣ ಮುಚ್ಚಬಾರ್ದಂತ.” ಆ ಕಾಲದ ಅನೇಕ ಯೆಜ್ಡಿಗಳಲ್ಲಿ ಅದು ಇದೇ ಎಂಬುದಕ್ಕೆ ಆಧಾರವೇನು? ಆಧಾರವನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಮಗನು ಉಳಿದನು, ಓದಿದನು, ಪುಣೆಯಲ್ಲಿ ದೊಡ್ಡ ಕೆಲಸ ಹಿಡಿದನು. ಕೆಲಸದ ಮೇಲೆ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರುವಾಗ ನಮ್ಮ ನಾಕೆಯನ್ನು ರಾತ್ರಿಯ ಹೊತ್ತಿನಲ್ಲಿ ದಾಟುತ್ತಾನೆ. ಮಲಗಿದ ತಾಯಿಯನ್ನು ಎಬ್ಬಿಸಬಾರದೆಂದು ಒಳಗೆ ತಿರುಗುವುದಿಲ್ಲ. ಇದನ್ನೆಲ್ಲ ದೂರಿನ ದನಿಯಲ್ಲಿ ಹೇಳದೆ, ಅವನ ಸೌಜನ್ಯವೆಂದೇ ಹೇಳಿ, ಆಕೆ ನನ್ನನ್ನು ಕೇಳಿದಳು: “ಇದು ಪುಣೆತನಾ ಹೋಗತೈತೇನ್ರೀ?”

ಗಾಡಿಯು ತನ್ನಷ್ಟಕ್ಕೆ ಹೊರಟದ್ದು ಆ ದಿಕ್ಕಿಗೇ ಎಂಬ ವಿನೋದವು ಮಿಸ್ತ್ರಿಯ ತುಟಿಯವರೆಗೆ ಬಂದು ಅಲ್ಲಿಯೇ ಇಂಗಿತು.

ಆ ರಾತ್ರಿ ಮುದುಕಿಯ ಮಗನಿಗೆ ಫೋನು ಮಾಡಿದೆನು. ಗಾಡಿಯ ಸುದ್ದಿ ಕೇಳಿದ್ದೇ ತಡ, ಆ ದೊಡ್ಡ ಮನುಷ್ಯನು “ರೇಟ್ ಹೇಳ್ರಿ ಸರ್, ಯಾರಿಗೂ ಕೊಡಬ್ಯಾಡ್ರಿ, ಶನಿವಾರ ಬಂದು ಸಂಜೆಯೊಳಗ ಒಯ್ತೀನಿ” ಎಂದನು. ತಾಯಿಯ ಕ್ಷೇಮವನ್ನು ಆಮೇಲೆ ಕೇಳಿದನು. ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ಸಿಟ್ಟಿನಲ್ಲಿದ್ದು, ಕ್ರಮೇಣ ಮಿಸ್ತ್ರಿಯೊಡನೆ ಸಮಾಲೋಚಿಸಿದೆನು.

ಶನಿವಾರ ಬಂದನು. ರೇಟು ಆಮೇಲೆ, ಮೊದಲು ಚಾಲೂ ಮಾಡಿ ನೋಡಪ್ಪ ಎಂದೆನು. ಅಂಗಿಯ ತೋಳನ್ನು ಮಡಿಸಿ ಒದೆಯತೊಡಗಿದನು. ಮಧ್ಯಾಹ್ನ ಇಳಿಯಿತು, ಅಂಗಿ ತೊಯ್ದಿತು, ಗಾಡಿ ಕೆಮ್ಮಲೂ ಇಲ್ಲ. ಟಾಕಿಯ ಕೆಳಗಿನ ಪೆಟ್ರೋಲ್ ಕಾಕನ್ನು ಬೆಳಿಗ್ಗೆಯೇ ನಾನು ಮುಚ್ಚಿ, ಅದರ ಮೇಲೆ ಒರೆಸುವ ಅರಿವೆಯನ್ನು ಹೊದಿಸಿದ್ದೆನು. ಹಿಂದಿನ ಸೀಟಿನ ಮೇಲೆ ಈಗ ಕುಳಿತೇ ಇದ್ದ ಮುದುಕಿಯು, ಮಗನು ಒದೆದಾಗಲೆಲ್ಲ ಅವನ ಹೆಸರು ಹಿಡಿದು ಸಾವಕಾಶ ಎನ್ನುತ್ತಿದ್ದಳು. ಹೊತ್ತು ಮುಳುಗಿತು, ಮನೆಯಿಂದ ರೊಟ್ಟಿ ಝುಣಕದ ವಾಸನೆ ಬಂದಿತು, ಅವನು ಕಾರಿನಿಂದ ತನ್ನ ಚೀಲವನ್ನು ಇಳಿಸಿಕೊಂಡು ಬಂದು ಏನಾಗಿದೆಯೆಂದು ಮಿಸ್ತ್ರಿಯನ್ನು ಕೇಳಿದನು. ಮಿಸ್ತ್ರಿಯು ಪಾಯಿಂಟಿನ ಮುಚ್ಚಳವನ್ನು ತೆರೆದು, ಕನ್ನಡಕ ಏರಿಸಿ, ಅತ್ಯಂತ ಗಂಭೀರವಾಗಿ ಇಣಿಕಿ ನೋಡಿ ಹೇಳಿದನು: “ಟೈಮಿಂಗ್ ಹೋಗೈತ್ರೀ ಸಾಹೇಬ್ರ. ಕೂಡಸಾಕ ಎರಡ ದಿನ ಆದ್ರೂ ಬೇಕು.”