ಅಪಠನ ಮೀಮಾಂಸೆ: ಕೆನಡಾದ ಕಾಮಿಕ್ಸ್ ಸಂಗ್ರಹದ ಲಕ್ಷಣ, ಉತ್ಪತ್ತಿ ಮತ್ತು ಫಲ

1. ಲಕ್ಷಣ

ಓದಲೆಂದು ಅಚ್ಚಾದ ಪುಸ್ತಕವನ್ನು ಓದದೆ ಕಾಪಾಡುವ ವಿದ್ಯೆಗೆ ಕಾಮಿಕ್ಸ್ ಸಂಗ್ರಹವೆಂದು ಹೆಸರು. ಕೆನಡಾದಲ್ಲಿ ಈ ವಿದ್ಯೆ ಶಾಸ್ತ್ರದ ಮಟ್ಟ ಮುಟ್ಟಿದೆ. ಅದರ ಅಧಿಕಾರಿಗಳು ಮೂರು ಬಗೆ. ಅಂಗಡಿಯಲ್ಲಿ ಕೊಂಡ ಸಂಚಿಕೆಯನ್ನು ಮನೆ ಸೇರುವ ಮೊದಲು ಬಸ್ಸಿನಲ್ಲೇ ಓದಿ ಮುಗಿಸುವವರು ಓದುಗರು, ಇವರು ಅಧಮರು. ಓದಿದ್ದು ಸಾಲದೆಂದು ನಾಯಕನ ಉಡುಪನ್ನೇ ಹೊಲಿಸಿ ತೊಟ್ಟು ಸಮಾವೇಶಕ್ಕೆ ಹೋಗುವವರು ಅಭಿಮಾನಿಗಳು, ಇವರು ಮಧ್ಯಮರು. ಒಂದೇ ಸಂಚಿಕೆಯ ಎರಡು ಪ್ರತಿ ಕೊಂಡು, ಒಂದನ್ನು ಓದಲಿಕ್ಕೂ ಇನ್ನೊಂದನ್ನು ಓದದಿರಲಿಕ್ಕೂ ಇಟ್ಟುಕೊಳ್ಳುವವರು ಸಂಗ್ರಾಹಕರು, ಇವರೇ ಉತ್ತಮರು. ಓದಲೆಂದು ಇಟ್ಟ ಪ್ರತಿಯನ್ನೂ ಮುಟ್ಟಲು ಕೈ ಬಾರದ ಸ್ಥಿತಿಗೆ ಪರಿಪಾಕವೆನ್ನುತ್ತಾರೆ.

ಶಾಸ್ತ್ರದ ಮೂಲಸೂತ್ರ ಒಂದೇ: ಎಲ್ಲರೂ ಎಸೆದದ್ದಕ್ಕೆ ಮಾತ್ರ ಬೆಲೆ. ಆದಕಾರಣ ಕಾಮಿಕ್ಸ್ ಬರೆದವರ ಚರಿತ್ರೆಗಿಂತ ಅದನ್ನು ತಡೆದವರ, ಎಸೆದವರ, ಕತ್ತರಿಸಿದವರ ಚರಿತ್ರೆಯೇ ಇಲ್ಲಿ ಮುಖ್ಯ. ಈ ಮೂರು ವರ್ಗಕ್ಕೂ ಕೆನಡಾದಲ್ಲಿ ಬರವಿಲ್ಲ.

2. ಉತ್ಪತ್ತಿ

ಕೆನಡಾದ ಕಾಮಿಕ್ಸ್ ಹುಟ್ಟಿದ್ದು ಕವಿಪ್ರತಿಭೆಯಿಂದಲ್ಲ, ಆಮದು ಕಾಯ್ದೆಯಿಂದ. ಯುದ್ಧದ ದಿನಗಳಲ್ಲಿ ಅಮೆರಿಕದ ಡಾಲರು ಉಳಿಸಲು ಸರ್ಕಾರ 1940ರ ಡಿಸೆಂಬರಿನಲ್ಲಿ ಅತ್ಯಗತ್ಯವಲ್ಲದ ಸರಕುಗಳ ಆಮದನ್ನು ತಡೆಯಿತು. ಕಾಮಿಕ್ಸ್ ಅತ್ಯಗತ್ಯವಲ್ಲವೆಂದು ಆಗ ತೀರ್ಮಾನವಾಯಿತು. ಶಾಸ್ತ್ರ ಈ ತೀರ್ಮಾನವನ್ನು ಇಂದಿಗೂ ಒಪ್ಪಿಲ್ಲ. ಬರಿದಾದ ಅಂಗಡಿಗಳನ್ನು ತುಂಬಲು 1941ರಿಂದ ವ್ಯಾಂಕೂವರಿನ ಮೇಪಲ್ ಲೀಫ್, ಟೊರಾಂಟೊದ ಆಂಗ್ಲೊ-ಅಮೆರಿಕನ್ ಮತ್ತು ಬೆಲ್ ಫೀಚರ್ಸ್ ಮೊದಲಾದ ಪ್ರಕಾಶಕರು ಮುಂದಾದರು. ಮುಖಪುಟಕ್ಕೆ ಬಣ್ಣ, ಒಳಗೆಲ್ಲ ಬರೀ ಕಪ್ಪು-ಬಿಳುಪು. ಸಂಗ್ರಾಹಕರು ಇವನ್ನು ‘ಕೆನಡಿಯನ್ ವೈಟ್ಸ್’ ಎಂದು ಕರೆದರು. ವರ್ಣವಿಲ್ಲದಿರುವುದೇ ಈ ವರ್ಣದ ಲಕ್ಷಣ.

ಈ ಯುಗದ ಅಧಿದೇವತೆ ಏಡ್ರಿಯನ್ ಡಿಂಗಲ್ ಸೃಷ್ಟಿಸಿದ ನೆಲ್ವಾನಾ. ಉತ್ತರ ಧ್ರುವದ ಬೆಳಕಿನಿಂದ ಶಕ್ತಿ ಪಡೆಯುವ ಈಕೆ, ಎಂಥ ಹಿಮಗಾಳಿಯಲ್ಲೂ ಮೊಣಕಾಲು ಮುಚ್ಚದ ಲಂಗ ತೊಟ್ಟೇ ಹಾರಾಡುತ್ತಾಳೆ. ಅವಳ ಶಕ್ತಿಗೆ ಬೇರೆ ಪ್ರಮಾಣ ಬೇಕಿಲ್ಲ. ಅವಳು ಪ್ರಕಟವಾದದ್ದು 1941ರ ಆಗಸ್ಟಿನ ಸಂಚಿಕೆಯಲ್ಲಿ. ಅಮೆರಿಕದ ವಂಡರ್ ವುಮನ್ ಬಂದದ್ದು ಅದೇ ವರ್ಷ, ಕೆಲವು ತಿಂಗಳ ನಂತರ. ಈ ಕೆಲವು ತಿಂಗಳು ಕೆನಡಾದ ಸಂಗ್ರಾಹಕರಿಗೆ ಕೆಲವು ಶತಮಾನಗಳಿಗೆ ಸಮ. ಮರುವರ್ಷ ಬಂದ ಜಾನಿ ಕನಕ್ ಎಂಬ ವೀರನನ್ನು ಚಿತ್ರಿಸಿದ ಲಿಯೊ ಬಾಕ್ಲೆ ಆಗಿನ್ನೂ ಹದಿಹರೆಯದ ಹುಡುಗ.

ಕವಿಯ ಜನ್ಮಸ್ಥಳ ಯಾವುದೆಂಬ ಜಿಜ್ಞಾಸೆಯಿಲ್ಲದೆ ಯಾವ ಸಾಹಿತ್ಯ ಚರಿತ್ರೆಯೂ ಪೂರ್ಣವಾಗುವುದಿಲ್ಲ. ಸೂಪರ್‌ಮ್ಯಾನ್‌ನ ಚಿತ್ರಕಾರ ಜೋ ಶೂಸ್ಟರ್ 1914ರಲ್ಲಿ ಟೊರಾಂಟೊದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕ್ಲೀವ್‌ಲ್ಯಾಂಡಿಗೆ ಹೋದರು. ಪೂರ್ವಪಕ್ಷದವರು ಇಷ್ಟಕ್ಕೇ ಸೂಪರ್‌ಮ್ಯಾನ್ ಅಮೆರಿಕದವನೆನ್ನುತ್ತಾರೆ. ಸಿದ್ಧಾಂತಿಗಳ ಉತ್ತರ ಹೀಗಿದೆ: ಶೂಸ್ಟರ್ ಬಾಲ್ಯದಲ್ಲಿ ಬೀದಿಯಲ್ಲಿ ಮಾರಿದ ಪತ್ರಿಕೆ ಟೊರಾಂಟೊ ಡೈಲಿ ಸ್ಟಾರ್, ಸೂಪರ್‌ಮ್ಯಾನ್ ಮೊದಲು ನೌಕರಿಗೆ ಸೇರಿದ ಪತ್ರಿಕೆ ಡೈಲಿ ಸ್ಟಾರ್. ಸೂಪರ್‌ಮ್ಯಾನ್ ಹುಟ್ಟಿದ ಗ್ರಹವಾದ ಕ್ರಿಪ್ಟಾನಿನವರು ಈ ವಾದದಲ್ಲಿ ಇದುವರೆಗೆ ಭಾಗವಹಿಸಿಲ್ಲ.

3. ಲಯ

ಹುಟ್ಟಿದಷ್ಟೇ ಬೇಗ ಈ ಯುಗ ಮುಗಿಯಿತು; ಇದು ಶಾಸ್ತ್ರದ ಪುಣ್ಯ. ಯುದ್ಧ ನಿಂತು ಅಮೆರಿಕದ ಬಣ್ಣದ ಕಾಮಿಕ್ಸ್ ಮರಳಿದ ಮೇಲೆ ಕಪ್ಪು-ಬಿಳುಪನ್ನು ಕೇಳುವವರಿಲ್ಲವಾಯಿತು. ಅದಕ್ಕೂ ಮೊದಲೇ ಯುದ್ಧಕಾಲದ ಮಕ್ಕಳು ಮನೆಯ ಹಳೆಯ ಕಾಗದವನ್ನೆಲ್ಲ ದೇಶಸೇವೆಗೆಂದು ರದ್ದಿಗೆ ಹಾಕಿದ್ದರು. ಉಳಿದದ್ದನ್ನು ಅಟ್ಟ ಗುಡಿಸುವಾಗ ತಾಯಂದಿರು ನೋಡಿಕೊಂಡರು. ಸಂಗ್ರಾಹಕರು ಹೆಚ್ಚು ದೂರುವುದು ಈ ತಾಯಂದಿರನ್ನು. ಹೆಚ್ಚು ಋಣಿಗಳಾಗಿರುವುದೂ ಅವರಿಗೇ. ಎಲ್ಲ ತಾಯಂದಿರೂ ಎಲ್ಲ ಪ್ರತಿಗಳನ್ನೂ ಜೋಪಾನ ಮಾಡಿದ್ದರೆ ಆ ರಾಶಿಯನ್ನು ಇಂದು ಕಡಲೆಕಾಯಿ ಪೊಟ್ಟಣಕ್ಕೂ ಯಾರೂ ಒಯ್ಯುತ್ತಿರಲಿಲ್ಲ.

ಮೂರನೆಯ ಉಪಕಾರ ಸಂಸತ್ತಿನದು. ಬ್ರಿಟಿಷ್ ಕೊಲಂಬಿಯಾದ ಸಂಸದ ಡೇವಿ ಫುಲ್ಟನ್ ಮಂಡಿಸಿದ ಮಸೂದೆ ಅಂಗೀಕಾರವಾಗಿ, 1949ರಲ್ಲಿ ಅಪರಾಧ ಕಥೆಗಳ ಕಾಮಿಕ್ಸನ್ನು ಅಚ್ಚು ಹಾಕುವುದೂ ಮಾರುವುದೂ ಅಪರಾಧವಾಯಿತು. ದಂಡಸಂಹಿತೆಯ ಈ ವಾಕ್ಯ ಅಳಿದದ್ದು 2018ರಲ್ಲಿ. ಅಂದು ಹನ್ನೆರಡು ವರ್ಷದವನಾಗಿ ಅಂಗಡಿಯಿಂದ ಬರಿಗೈಲಿ ಮರಳಿದ ಹುಡುಗ, ಎಂಬತ್ತೊಂದನೆಯ ವಯಸ್ಸಿನಲ್ಲಿ ಕಾನೂನಿನ ಭಯವಿಲ್ಲದೆ ಅದನ್ನು ಕೊಳ್ಳಬಹುದಾಯಿತು. ಬೆಲೆ ಮಾತ್ರ ಹತ್ತು ಸೆಂಟಾಗಿ ಉಳಿದಿರಲಿಲ್ಲ. ಈ ನಡುವೆ 1995ರಲ್ಲಿ ಅದೇ ದೇಶದ ಅಂಚೆ ಸಂಸ್ಥೆ ನೆಲ್ವಾನಾ, ಜಾನಿ ಕನಕ್, ಸೂಪರ್‌ಮ್ಯಾನ್ ಮೊದಲಾದ ಐವರ ಅಂಚೆಚೀಟಿ ಹೊರಡಿಸಿತು. ಅವನ್ನು ಯಾವ ಲಕೋಟೆಗೂ ಅಂಟಿಸದೆ ಎತ್ತಿಡುವುದು ಸೋದರಶಾಸ್ತ್ರದ ವಿಷಯ.

4. ಪಾಠಾಂತರ

ತಾಳೆಗರಿ ಸಂಪಾದಕರಿಗೆ ಒಂದು ಅಕ್ಷರದ ವ್ಯತ್ಯಾಸ ಹೇಗೋ, ಕೆನಡಾದ ಸಂಗ್ರಾಹಕರಿಗೆ ಹದಿನೈದು ಸೆಂಟು ಹಾಗೆ. ಕೆನಡಾದ ಡಾಲರು ಕುಸಿದಿದ್ದರಿಂದ, 1982ರ ಕೊನೆಯಿಂದ ಕೆಲವು ವರ್ಷ ಅಮೆರಿಕದ ಮಾರ್ವೆಲ್ ಮತ್ತು ಡಿಸಿ ಪ್ರಕಾಶನ ಸಂಸ್ಥೆಗಳು ಕೆನಡಾದ ಪತ್ರಿಕೆ ಅಂಗಡಿಗಳಿಗೆ ಕಳಿಸುವ ಪ್ರತಿಗಳ ಮುಖಪುಟದಲ್ಲಿ ಬೇರೆ ಬೆಲೆ ಅಚ್ಚು ಹಾಕಿದವು. ಅಮೆರಿಕದ ಪ್ರತಿಯಲ್ಲಿ 60 ಸೆಂಟು, ಕೆನಡಾದ ಪ್ರತಿಯಲ್ಲಿ 75. ಕಥೆ ಅದೇ, ಚಿತ್ರ ಅದೇ, ಶಾಯಿ ಅದೇ. ಆ ಕಾಲದ ಹುಡುಗರು ಇದನ್ನು ಹದಿನೈದು ಸೆಂಟಿನ ಅನ್ಯಾಯವೆಂದು ತಿಳಿದು ಗೊಣಗುತ್ತ ಕೊಂಡರು. ಕೆನಡಾದ ಜನಸಂಖ್ಯೆ ಅಮೆರಿಕದ ಹತ್ತರಲ್ಲೊಂದು ಪಾಲಿನ ಆಸುಪಾಸು; ಹಾಗಾಗಿ 75ರ ಪ್ರತಿ ವಿರಳ, ವಿರಳವಾದದ್ದರಿಂದ ಅಮೂಲ್ಯ. ದುಬಾರಿಯಾಗಿ ಕೊಂಡದ್ದು ದುಬಾರಿಯಾಗಿ ಕೊಂಡ ಕಾರಣಕ್ಕೇ ಇನ್ನಷ್ಟು ದುಬಾರಿಯಾಯಿತು. ಅರ್ಥಶಾಸ್ತ್ರಜ್ಞರು ಇದನ್ನು ಹಣದುಬ್ಬರವೆಂದಾರು; ಮೀಮಾಂಸಕರು ಪಾಠಾಂತರವೆನ್ನುತ್ತಾರೆ.

5. ಪರೀಕ್ಷಾವಿಧಿ

ಪ್ರತಿಯ ಪರೀಕ್ಷೆಗೆ ಕೈ ತೊಳೆದು, ಚೆನ್ನಾಗಿ ಒರೆಸಿ ಕೂರಬೇಕು. ಚಹಾದ ಲೋಟ ಮುಂದಿನ ಕೋಣೆಯಲ್ಲಿರಲಿ. ಪ್ಲಾಸ್ಟಿಕ್ ಕವರಿನ ಬಾಯಿಗೆ ಹಚ್ಚಿದ ಟೇಪನ್ನು ಮೊದಲು ಪೂರ್ತಿ ಕಿತ್ತು ಬೇರೆಡೆ ಅಂಟಿಸಬೇಕು. ಅರ್ಧ ಕಿತ್ತ ಟೇಪು ಪುಸ್ತಕ ಹೊರಬರುವಾಗ ಮುಖಪುಟವನ್ನು ಕಚ್ಚಿ ಹಿಡಿಯುತ್ತದೆ. ಹಿಂಬದಿಯ ರಟ್ಟಿನ ಸಮೇತ ಪ್ರತಿಯನ್ನು ಜಾರಿಸಿ, ದೀಪಕ್ಕೆ ಓರೆಯಾಗಿ ಹಿಡಿದರೆ ಬೆನ್ನಿನ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೀರುಗಳು ಕಾಣುತ್ತವೆ. ಒಂದೊಂದು ಗೀರೂ ಯಾರೋ ಒಮ್ಮೆ ಪುಟ ಮಗುಚಿ ಸಂತೋಷಪಟ್ಟದ್ದಕ್ಕೆ ಸಾಕ್ಷಿ. ಆದ್ದರಿಂದ ಗೀರಿಗೊಂದರಂತೆ ಬೆಲೆ ಇಳಿಸಬೇಕು. ಆಮೇಲೆ ಎರಡು ಪಿನ್ನುಗಳ ತುಕ್ಕು, ಕೊನೆಗೆ ಹಾಳೆಯ ಹಳದಿ.

ಅಂಗಚ್ಛೇದದ ಪರೀಕ್ಷೆ ಇನ್ನೂ ಸೂಕ್ಷ್ಮ. ಕೆನಡಾದ ವೀರ ವುಲ್ವರಿನ್ ಮೊದಲ ಬಾರಿಗೆ ಪೂರ್ಣವಾಗಿ ಕಾಣಿಸಿಕೊಳ್ಳುವ 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 181ನೆಯ ಸಂಚಿಕೆ ಇದಕ್ಕೆ ನಿದರ್ಶನ. ಅದರ ಒಳಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಿರೆಂದು ಪ್ರಕಾಶಕರೇ ಒಂದು ಪುಟ್ಟ ಚೀಟಿ ಅಚ್ಚು ಹಾಕಿದ್ದರು. ಹೇಳಿದ ಮಾತು ಕೇಳುವ ಮಕ್ಕಳು ಕತ್ತರಿ ತಂದು ಕತ್ತರಿಸಿದರು. ಆ ಚೌಕದ ತೂತಿರುವ ಪ್ರತಿಗೆ ಇಂದು ಬೆಲೆ ಬಹಳ ಕಡಿಮೆ. ವಿಧೇಯತೆಗೆ ಕಾಮಿಕ್ಸ್ ಶಾಸ್ತ್ರ ವಿಧಿಸುವ ದಂಡ ಇಷ್ಟು ಕಠೋರ.

ಹೀಗೆ ಪರೀಕ್ಷಿತವಾದ ಪ್ರತಿ 2000ರಿಂದೀಚೆಗೆ ಫ್ಲೋರಿಡಾದ ಸಿಜಿಸಿ ಎಂಬ ಸಂಸ್ಥೆಗೆ ಹೋಗಿ, ಹತ್ತಕ್ಕೆ ಇಂತಿಷ್ಟು ಎಂಬ ಅಂಕ ಪಡೆದು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಮುಚ್ಚಿಕೊಂಡು ಬರಬಹುದು. ಇದಕ್ಕೆ ‘ಸ್ಲ್ಯಾಬ್’ ಎನ್ನುತ್ತಾರೆ. ಒಡೆದರೆ ಅಂಕ ಹೋಯಿತು. ಒಳಗಿನ ಕಥೆ ಇನ್ನು ಯಾರ ಕೈಗೂ ಸಿಗದು. ಓದುವ ಅಪಾಯ ಸಂಪೂರ್ಣ ನಿವಾರಣೆಯಾಗುವ ಈ ಅವಸ್ಥೆಯೇ ಸಾಯುಜ್ಯ.

6. ಕ್ಷೇತ್ರ, ವ್ರತ, ಪಂಥ

ಟೊರಾಂಟೊದಲ್ಲಿ 1976ರ ಸಿಲ್ವರ್ ಸ್ನೇಲ್, 1987ರ ಬಿಗೈಲಿಂಗ್ ಅಂಗಡಿಗಳು ಪುರಾತನ ಕ್ಷೇತ್ರಗಳು. ಎರಡೂ ಕಾಲಕ್ರಮದಲ್ಲಿ ಸ್ಥಳ ಬದಲಿಸಿದ್ದರಿಂದ ಸ್ಥಳಪುರಾಣಗಳು ದುಪ್ಪಟ್ಟಾಗಿವೆ. ಜಾತ್ರೆಗಳಲ್ಲಿ ಎರಡು ಪಂಥ. 1995ರಲ್ಲಿ ಆರಂಭವಾದ ಫ್ಯಾನ್ ಎಕ್ಸ್‌ಪೋ ಸಗುಣೋಪಾಸಕರದು; ಅಲ್ಲಿ ಟಿಕೆಟ್ಟು, ವೇಷ, ನಟರ ಸಹಿಗೆ ಸಾಲು ಎಲ್ಲವೂ ಇವೆ. 2003ರಲ್ಲಿ ಆರಂಭವಾಗಿ ಮುಂದೆ ಟೊರಾಂಟೊ ರೆಫರೆನ್ಸ್ ಗ್ರಂಥಾಲಯದೊಳಗೆ ನಡೆದುಕೊಂಡು ಬಂದ ಕಾಮಿಕ್ ಆರ್ಟ್ಸ್ ಉತ್ಸವ ನಿರ್ಗುಣರದು. ಪ್ರವೇಶ ಉಚಿತ, ಕೇಪು ತೊಟ್ಟವರು ಕಡಿಮೆ, ಕನ್ನಡಕ ತೊಟ್ಟವರು ಹೆಚ್ಚು.

ವ್ರತಗಳಲ್ಲಿ ಕಠಿಣವಾದದ್ದು ಸಂಪೂರ್ಣ ಸಾಲಿನ ವ್ರತ. ಕಿಚನರ್ ಊರಿನ ಡೇವ್ ಸಿಮ್ 1977ರಿಂದ 2004ರ ವರೆಗೆ ಆರ್ಡ್‌ವಾರ್ಕ್ ಎಂಬ ಇರುವೆ-ಗೆದ್ದಲು ತಿನ್ನುವ ಪ್ರಾಣಿಯನ್ನು ನಾಯಕನನ್ನಾಗಿಸಿ ‘ಸೆರೆಬಸ್’ನ 300 ಸಂಚಿಕೆ ತಂದರು. 299 ಇರುವವರಿಗೆ ನಿದ್ರೆಯಿಲ್ಲ. ಪುಸ್ತಕಕ್ಕೆ ಹುಟ್ಟುವೈರಿಯಾದ ಗೆದ್ದಲನ್ನು ತಿನ್ನುವವನೇ ಪುಸ್ತಕದ ನಾಯಕನಾದದ್ದು ಆಕಸ್ಮಿಕವೆಂದು ಸಂಗ್ರಾಹಕರು ನಂಬುವುದಿಲ್ಲ.

ಕ್ವಿಬೆಕ್ ಪ್ರಾಂತ ಬೇರೆಯೇ ದರ್ಶನ. ಅಲ್ಲಿನ ಫ್ರೆಂಚ್ ಭಾಷಿಕರ ಚಿತ್ರಕಥೆ ಗಟ್ಟಿ ರಟ್ಟಿನ ಆಲ್ಬಮ್ಮಾಗಿ ಬಂದು ಕಪಾಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರೂ ಓದುತ್ತಾರೆ. ಶಾಸ್ತ್ರಕ್ಕೆ ಅಲ್ಲಿ ಆಸ್ಪದ ಕಡಿಮೆ. ಆದರೂ 1968ರಿಂದ ಎರಿತಾಜ್ ಪ್ರಕಾಶನ ಅಮೆರಿಕದ ಸಾಹಸಿಗಳಿಗೆ ಫ್ರೆಂಚ್ ಮಾತು ಕಲಿಸಿ, ಬಹುಮಟ್ಟಿಗೆ ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕಿ, ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿತು. ಹಸಿರು ಹಲ್ಕ್ ಅಲ್ಲಿ ಬೂದುಬಣ್ಣದವನಾಗಿಯೇ ಕೋಪಗೊಂಡ.

7. ಪ್ರಮಾಣ ವಿಚಾರ

ವೈಟ್ಸ್ ಯುಗದ ಮುಖ್ಯ ಭಂಡಾರ ಒಟ್ಟಾವದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿದೆ. ಆಮದು ತಡೆದ, ದಂಡಸಂಹಿತೆಗೆ ಕಲಮು ಸೇರಿಸಿದ ಸರ್ಕಾರವೇ ಈಗ ಅವುಗಳ ಕಾವಲಿಗಿದೆ. ಪ್ರತ್ಯಕ್ಷಕ್ಕೆ ನಿಲುಕದ ಪ್ರಮಾಣಗಳೂ ಉಂಟು. 1975ರಲ್ಲಿ ವಿನಿಪೆಗ್‌ನಿಂದ ಬಂದ ‘ಕ್ಯಾಪ್ಟನ್ ಕನಕ್’ ಪ್ರಕಾರ 1993ರಲ್ಲಿ ಕೆನಡಾ ಜಗತ್ತಿನ ಅತಿ ಬಲಿಷ್ಠ ರಾಷ್ಟ್ರವಾಗಿತ್ತು. ಇತರ ಆಕರಗಳಲ್ಲಿ ಈ ಘಟನೆ ದಾಖಲಾಗಿಲ್ಲ. ಚಿತ್ರಕಾರ ಸೆತ್ 1996ರ ಆತ್ಮಕಥನದಂಥ ಕೃತಿಯಲ್ಲಿ ಕೇಲೊ ಎಂಬ ಮರೆತುಹೋದ ವ್ಯಂಗ್ಯಚಿತ್ರಕಾರನನ್ನು ಊರೂರು ಹುಡುಕಿದರು. ಓದಿದ ಹಲವರು ಕೇಲೊ ನಿಜವೆಂದೇ ನಂಬಿದರು. ಕೇಲೊನನ್ನು ಸೆತ್ ಅವರೇ ಕಲ್ಪಿಸಿದ್ದರು. ಅಸ್ತಿತ್ವದಲ್ಲೇ ಇಲ್ಲದ ಕೃತಿಗಳಷ್ಟು ವಿರಳವಾದವು ಬೇರೆ ಇಲ್ಲವಾದ್ದರಿಂದ, ಮೂಲಸೂತ್ರದ ಪ್ರಕಾರ ಕೇಲೊನ ಚಿತ್ರಗಳೇ ಅತ್ಯಮೂಲ್ಯ.

8. ಫಲಶ್ರುತಿ

ಕಾಮಿಕ್ಸನ್ನು ತಂಪಾದ, ತೇವವಿಲ್ಲದ, ಕತ್ತಲ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಾಪಾಡುವವರಿಗೆ ಹಾಳೆ ಹಳದಿಯಾಗದು. ಕವರು, ರಟ್ಟುಗಳನ್ನು ಕಾಲಕಾಲಕ್ಕೆ ಬದಲಿಸುವವರಿಗೆ ಬೆನ್ನು ಬಾಗದು. ಸ್ಲ್ಯಾಬ್ ಮಾಡಿಸಿದವರಿಗೆ ಅಂಕವೂ, ಕಾಲ ಕೂಡಿಬಂದರೆ ಧನವೂ ದೊರೆಯುತ್ತದೆ. ಇದಾವುದನ್ನೂ ಮಾಡದೆ, ಮಳೆಗಾಲದ ಮಧ್ಯಾಹ್ನ ಹೊದಿಕೆಯೊಳಗೆ ಮಲಗಿ, ಎಣ್ಣೆಯ ಬೆರಳಿನಿಂದಲೇ ಪುಟ ಮಗುಚಿದವರಿಗೆ ಕಥೆಯೊಂದನ್ನು ಬಿಟ್ಟರೆ ಬೇರೇನೂ ದೊರೆಯುವುದಿಲ್ಲ.