ಹದಿಮೂರು ಉಂಗುರದ ಹವಾಮಾನ ಇಲಾಖೆ

ಅಮೆರಿಕದ ಒಹಾಯೊ ರಾಜ್ಯದ ಉತ್ತರದ ಅಂಚಿನಲ್ಲಿ, ಈರೀ ಸರೋವರದ ದಡದಲ್ಲಿ ವರ್ಮಿಲಿಯನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಶರತ್ಕಾಲದ ಒಂದು ಭಾನುವಾರ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೆರವಣಿಗೆ, ಬ್ಯಾಂಡು, ಹುಳದ ವೇಷ ಹಾಕಿದ ಮಕ್ಕಳು, ಹುಳದ ವೇಷ ಹಾಕಿಸಿಕೊಂಡ ನಾಯಿಗಳು. ಇಷ್ಟೂ ಸಂಭ್ರಮ ಎರಡು ಇಂಚಿನ ಒಂದು ಕಂಬಳಿಹುಳಕ್ಕೆ. ಅದರ ಎರಡು ತುದಿ ಕಪ್ಪು, ನಡುವೆ ಇಟ್ಟಿಗೆ ಬಣ್ಣದ ಪಟ್ಟಿ. ಪಟ್ಟಿ ಅಗಲವಾಗಿದ್ದರೆ ಚಳಿಗಾಲ ಹಗುರ, ಕಪ್ಪು ಹೆಚ್ಚಾದರೆ ಘೋರ ಎಂದು ಜನ ಬಣ್ಣ ನೋಡಿ ಭವಿಷ್ಯ ಓದುತ್ತಾರೆ. ಹಬ್ಬದ ಗಲಾಟೆ ಮುಗಿದ ಮೇಲೆ ರಸ್ತೆ ಬದಿಯಲ್ಲಿ ಸಿಕ್ಕ ಈ ಗಣ್ಯರು ನಮ್ಮ ಪತ್ರಿಕೆಗೆ ಕೊಟ್ಟ ಸಂದರ್ಶನ ಇಲ್ಲಿದೆ.

ನಮಸ್ಕಾರ. ಎರಡು ನಿಮಿಷ ಮಾತಾಡಬಹುದೇ?

ಬೇಗ ಕೇಳಿ ಸ್ವಾಮಿ. ಚಳಿಗೆ ಮುಂಚೆ ಒಂದು ತರಗೆಲೆ ರಾಶಿ ಹಿಡಿಯಬೇಕು. ಒಳ್ಳೇ ರಾಶಿಗಳೆಲ್ಲ ರಸ್ತೆಯ ಆ ಕಡೆಯೇ ಇರ್ತಾವೆ. ಮೊದಲು ನಿಮ್ಮ ಬೂಟು ಒಂದಡಿ ಹಿಂದಕ್ಕಿಡಿ.

ಹಬ್ಬ ಹೇಗಾಯಿತು?

ನನ್ನ ಹಬ್ಬಕ್ಕೆ ನನ್ನನ್ನ ಬಿಟ್ಟು ಎಲ್ಲರೂ ಖುಷಿಯಾಗಿ ಬಂದಿದ್ರು. ಓಟದ ಪಂದ್ಯಕ್ಕೆ ನಿಲ್ಲಿಸಿದ್ರು. ನಮ್ಮ ಜಾತಿಗೆ ಯಾರಾದ್ರೂ ಮುಟ್ಟಿದ ತಕ್ಷಣ ಉಂಡೆ ಸುತ್ಕೊಳ್ಳೋ ಅಭ್ಯಾಸ. ಒಬ್ಬ ಹುಡುಗ ಕೂಗ್ತಾನೆ, "ಓಡು, ಓಡು" ಅಂತ. ನಾನು ಉಂಡೆ. ಪಕ್ಕದವನೂ ಉಂಡೆ. ಕೊನೆಗೆ ಅವರಪ್ಪ ಬಗ್ಗಿ ನೋಡಿ, "ಈ ಸಲ ಕಪ್ಪು ಜಾಸ್ತಿ ಕಣೋ, ಸಲಿಕೆ ತೆಗೆದಿಡ್ಬೇಕು" ಅಂದ. ಓಟದಲ್ಲಿ ಸೋತವನ ಮೈ ನೋಡಿ ಊರಿನ ಚಳಿಗಾಲ ತೀರ್ಮಾನ ಆಗೋಯ್ತು.

ಈ ಹುದ್ದೆ ನಿಮಗೆ ಹೇಗೆ ಬಂತು?

ನಾನೇನು ಅರ್ಜಿ ಹಾಕಿದವನಲ್ಲ. ನಂಬಿಕೆ ಹಳೇದು, ಅದಕ್ಕೆ ಪ್ರಚಾರ ಸಿಕ್ಕಿದ್ದು 1948ರಲ್ಲಿ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಕೀಟತಜ್ಞ ಡಾ. ಸಿ. ಎಚ್. ಕರನ್ ಹೆಂಡತಿ ಜೊತೆ ಬೇರ್ ಮೌಂಟನ್ ಅನ್ನೋ ಬೆಟ್ಟಕ್ಕೆ ಬಂದ್ರು. ಒಂದು ದಿನದಲ್ಲಿ ಸಿಕ್ಕಷ್ಟು ಹುಳ ಹಿಡಿದು ಕಂದು ಉಂಗುರ ಎಣಿಸಿದ್ರು. ನಮ್ಮ ಮೈಗೆ ಹದಿಮೂರು ಉಂಗುರ. ಅದರಲ್ಲಿ ಕಂದು ಸರಾಸರಿ ಐದೂವರೆ ಆಸುಪಾಸು ಬಂತು. ಚಳಿ ಅಷ್ಟೇನಿರಲ್ಲ ಅಂತ ಪರಿಚಯದ ಪತ್ರಕರ್ತರ ಹತ್ರ ಅಂದ್ರು. ಅಷ್ಟೇ, ಸುದ್ದಿ ದೇಶ ಸುತ್ತಿತು. ಆಮೇಲೆ ಏಳೆಂಟು ವರ್ಷ ಪ್ರತಿ ಶರತ್ಕಾಲದಲ್ಲೂ ಗೆಳೆಯರನ್ನ ಕಟ್ಕೊಂಡು ಬರೋರು. ಹಿಡಿದ ಹುಳ ತೀರಾ ಕಮ್ಮಿ, ಇದರಿಂದ ಏನೂ ಸಾಬೀತಾಗಲ್ಲ ಅಂತ ಅವರಿಗೇ ಗೊತ್ತಿತ್ತು. ಎಲೆ ಬಣ್ಣ ತಿರುಗೋದು ನೋಡ್ಕೊಂಡು ಬೆಟ್ಟದಲ್ಲಿ ಹಾಯಾಗಿರೋಕೆ ನಾವೊಂದು ನೆಪ. ಆ ನೆಪಾನೇ ನಿಮ್ಮೋರು ಶಾಸ್ತ್ರ ಮಾಡ್ಕೊಂಡ್ರಿ.

ಹದಿಮೂರು ಉಂಗುರಕ್ಕೂ ಚಳಿಗಾಲದ ಹದಿಮೂರು ವಾರಕ್ಕೂ ಲೆಕ್ಕ ಸರಿಹೋಗುತ್ತದಲ್ಲ?

ಸರಿಹೋಗುತ್ತೆ. ಹದಿಮೂರನ್ನ ಇನ್ನೂ ಎಷ್ಟಕ್ಕೋ ಹೊಂದಿಸಬಹುದು. ತಲೆ ಕಡೆ ಕಪ್ಪಿದ್ರೆ ಶುರುವಲ್ಲಿ ಚಳಿ, ಬಾಲದ ಕಡೆ ಕಪ್ಪಿದ್ರೆ ಕೊನೇಲಿ ಚಳಿ ಅಂತಾರೆ. ನಾನು ತಿರುಗಿ ನಿಂತ್ರೆ ಯಾವ ಕಡೆಯಿಂದ ಓದ್ತಾರೋ!

ಹಾಗಾದರೆ ಬಣ್ಣದ ಗುಟ್ಟೇನು?

ವಯಸ್ಸು ಸ್ವಾಮಿ, ವಯಸ್ಸು. ಚಿಕ್ಕವರಿದ್ದಾಗ ನಾವು ಹೆಚ್ಚು ಕಪ್ಪು. ಪೊರೆ ಬಿಟ್ಟ ಹಾಗೆಲ್ಲ ಕಂದು ಅಗಲ ಆಗುತ್ತೆ. ಬೆಳೆದ ಕಾಲದಲ್ಲಿ ಥಂಡಿ ಜಾಸ್ತಿ ಇದ್ರೆ ಕಪ್ಪು ಸ್ವಲ್ಪ ಉಳ್ಕೊಳ್ಳುತ್ತೆ. ಎಷ್ಟು ದಿನ ಮೇಯ್ದೆ, ಹೇಗೆ ಬೆಳೆದೆ ಅನ್ನೋದು ಮೈಮೇಲೆ ಬರೆದಿರುತ್ತೆ, ಮುಂದಿಂದಲ್ಲ. ನನ್ನ ಮೈಮೇಲಿರೋದು ಕಳೆದ ತಿಂಗಳುಗಳ ಹಳೇ ಪೇಪರ್ರು. ನೀವು ಅದನ್ನ ನಾಳಿನ ಸುದ್ದಿ ಅಂತ ಓದ್ತೀರಿ.

ಆದರೂ ಟಿವಿಯ ಹವಾಮಾನ ತಜ್ಞರೇ ನಿಮ್ಮ ಹಬ್ಬ ಶುರು ಮಾಡಿದ್ದು!

ಹೌದು, ಡಿಕ್ ಗೊಡ್ಡಾರ್ಡ್. ಕ್ಲೀವ್‌ಲ್ಯಾಂಡ್ ಟಿವಿಯಲ್ಲಿ ದಶಕಗಟ್ಟಲೆ ಹವಾಮಾನ ಹೇಳಿದವರು. 1973ರಲ್ಲಿ ಬರ್ಮಿಂಗ್‌ಹ್ಯಾಮ್ ಅನ್ನೋ ಸಣ್ಣ ಹಳ್ಳೀಲಿ ಶುರು ಮಾಡಿದ್ರು. ಬಂದ ಜನಕ್ಕೆ ಅಲ್ಲಿ ಜಾಗ ಸಾಲದೆ 1981ರಲ್ಲಿ ವರ್ಮಿಲಿಯನ್‌ಗೆ ತಂದ್ರು. 2020ರಲ್ಲಿ ತೀರ್ಕೊಂಡ್ರು, ಪುಣ್ಯಾತ್ಮ. ಜಾಣ ಮನುಷ್ಯ. ರಾಡಾರ್ ಒಂದನ್ನೇ ನಂಬ್ಕೊಂಡ್ರೆ ತಪ್ಪಿದಾಗ ಬೈಗುಳವೆಲ್ಲ ಒಬ್ಬನ ತಲೆ ಮೇಲೆ. ಪಕ್ಕದಲ್ಲಿ ಒಂದು ಹುಳ ಕೂತಿದ್ರೆ ಹಂಚ್ಕೋಬಹುದು.

ಸರ್ಕಾರದ ಕ್ಲೈಮೇಟ್ ಪ್ರೆಡಿಕ್ಷನ್ ಸೆಂಟರ್ ಇದೆಯಲ್ಲ, ಮೂರು ತಿಂಗಳ ಮುನ್ನೋಟ ಕೊಡಲು?

ಇದೆ. ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿ. ಪ್ರತಿ ತಿಂಗಳ ಮೂರನೇ ಗುರುವಾರ ನಕ್ಷೆ ಬಿಡ್ತಾರೆ. ಕಿತ್ತಳೆ ಬಣ್ಣ ಅಂದ್ರೆ ಬೆಚ್ಚಗಿರೋ ಸಾಧ್ಯತೆ ಹೆಚ್ಚು, ನೀಲಿ ಅಂದ್ರೆ ತಣ್ಣಗಿರೋ ಸಾಧ್ಯತೆ ಹೆಚ್ಚು. ಬಿಳಿ ಅಂದ್ರೆ ಮೂರಕ್ಕೂ ಸಮಪಾಲು: ಬೆಚ್ಚಗಿರಬಹುದು, ಸಾಧಾರಣ ಇರಬಹುದು, ತಣ್ಣಗೂ ಇರಬಹುದು.

ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ?

ಹಾಗನ್ನಬೇಡಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ನಕ್ಷೆ ಹಾಕಿ ಹೇಳೋ ಸರ್ಕಾರಿ ಕಚೇರಿ ಇನ್ನೆಲ್ಲಿದೆ ತೋರಿಸಿ! ಕಿತ್ತಳೆ ಬಿದ್ದ ಕಡೆ "ನಲವತ್ತು ಪರ್ಸೆಂಟ್ ಬೆಚ್ಚಗೆ" ಅಂತ ಇರುತ್ತೆ. ಅದರ ಬೆನ್ನಿಗೇ ಮೂವತ್ಮೂರು ಪರ್ಸೆಂಟ್ ಸಾಧಾರಣ, ಇಪ್ಪತ್ತೇಳು ಪರ್ಸೆಂಟ್ ತಣ್ಣಗೆ ಅನ್ನೋದೂ ಇರುತ್ತೆ. ಅದನ್ನ ಯಾರು ಓದ್ತಾರೆ? ಊರ ಕಾಫಿ ಅಂಗಡೀಲಿ ಒಬ್ಬ, "ಈ ಸಲ ಚಳಿ ಇಲ್ವಂತೆ" ಅಂತಾನೆ. ಜನವರೀಲಿ ಕಾರು ಹಿಮದಲ್ಲಿ ಹೂತ್ಹೋದ ದಿನ ಅವನೇ, "ಸರ್ಕಾರದೋರು ಸುಳ್ಳು ಹೇಳಿದ್ರು" ಅಂತಾನೆ. ನಾನು ತಪ್ಪಿದ್ರೆ "ಪಾಪ, ಹುಳ" ಅಂತಾರೆ. ಪರ್ಸೆಂಟ್ ಲೆಕ್ಕಕ್ಕೆ ಯಾವ ಊರಲ್ಲೂ ಮೆರವಣಿಗೆ ಇಲ್ಲ ಸ್ವಾಮಿ.

ಅವರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಮುಖ್ಯವಾಗಿ ಪೆಸಿಫಿಕ್ ಸಾಗರ. ಸಮಭಾಜಕದ ಹತ್ರ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಕೆಲವು ತಿಂಗಳು ಹಾಗೇ ನಿಂತ್ರೆ ಎಲ್ ನಿನೊ, ಅಷ್ಟೇ ತಣ್ಣಗಾದ್ರೆ ಲಾ ನಿನಾ. ಅದರಿಂದ ಮೇಲಿನ ಗಾಳಿಯ ಹೊಳೆ ಹರಿಯೋ ದಾರಿ ಬದಲಾಗುತ್ತೆ. ಎಲ್ ನಿನೊ ಇದ್ರೆ ದೇಶದ ಉತ್ತರ ಭಾಗ ಹೆಚ್ಚಾಗಿ ಬೆಚ್ಚಗೆ. ಲಾ ನಿನಾ ಇದ್ರೆ ಒಹಾಯೊ ಕಣಿವೇಲಿ ಮಳೆ, ಹಿಮ ಎರಡೂ ಸೇರಿ ಹೆಚ್ಚು ತೇವ. 2023–24ರಲ್ಲಿ ಜೋರು ಎಲ್ ನಿನೊ ಇತ್ತು. ಅಲಾಸ್ಕ, ಹವಾಯಿ ಬಿಟ್ಟು ಉಳಿದ ದೇಶಕ್ಕೆ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ಮಹಾಸರೋವರಗಳಲ್ಲಿ ಹೇಳಿಕೊಳ್ಳೋ ಹಾಗೆ ಮಂಜುಗಡ್ಡೆಯೇ ಕಟ್ಟಲಿಲ್ಲ. ಸಾವಿರಾರು ಮೈಲಿ ಆಚೆಯ ಬೆಚ್ಚನೆ ನೀರಿಗೆ ಜೈ ಅನ್ನೋದು ಬಿಟ್ಟು, ಇಲ್ಲಿ ನನ್ನ ಬೆನ್ನು ಸವರ್ತೀರಿ.

ವರ್ಮಿಲಿಯನ್ ಸರೋವರದ ದಡದಲ್ಲೇ ಇದೆ. ಹಿಮ ವಿಪರೀತ ಸುರಿಯುತ್ತದೆಯೇ?

ಅದೃಷ್ಟ ನೋಡಿ, ನಾವು ಕ್ಲೀವ್‌ಲ್ಯಾಂಡಿನ ಪಶ್ಚಿಮಕ್ಕಿದ್ದೀವಿ. ಗಾಳಿ ಪಶ್ಚಿಮದಿಂದ ಸರೋವರದ ಉದ್ದಕ್ಕೂ ಬೀಸಿ, ಬೆಚ್ಚಗಿನ ನೀರಿನ ತೇವ ಹೊತ್ಕೊಂಡು ಹೋಗಿ, ಪೂರ್ವದ ಗುಡ್ಡ ಹತ್ತುವಾಗ ಹಿಮ ಸುರಿಸುತ್ತೆ. ಅಲ್ಲಿ ಚಾರ್ಡನ್ ಅಂತ ಒಂದೂರಿದೆ. 1996ರ ನವೆಂಬರಲ್ಲಿ ಒಂದು ವಾರ ತುಂಬೋದ್ರೊಳಗೆ ಸುಮಾರು 69 ಇಂಚು ಬಿತ್ತು. ಆಳುದ್ದ! ಇನ್ನು ಈರೀ ಮಹಾಸರೋವರಗಳಲ್ಲೇ ಅತಿ ಕಡಿಮೆ ಆಳದ್ದು, ಸರಾಸರಿ ಹತ್ತೊಂಬತ್ತು ಮೀಟರ್. ಬೇಗ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟಿದ ಮೇಲೆ ಗಾಳಿಗೆ ತೇವ ಸಿಗಲ್ಲ, ಆ ಥರದ ಹಿಮವೂ ಕಮ್ಮಿ. ಅಂದ್ರೆ ಚಳಿ ಕಡಿದಷ್ಟೂ ಹಿಮ ಬೀಳುತ್ತೆ ಅನ್ನೋ ಲೆಕ್ಕವೂ ಇಲ್ಲಿ ನಡೆಯಲ್ಲ. ಇದನ್ನೆಲ್ಲ ನನ್ನ ಹದಿಮೂರು ಉಂಗುರದಲ್ಲಿ ಎಲ್ಲಿ ಬರೆಯಲಿ?

1978ರ ಜನವರಿಯ ಹಿಮ ಬಿರುಗಾಳಿ ಒಹಾಯೊ ಜನಕ್ಕೆ ಇಂದಿಗೂ ಮರೆತಿಲ್ಲ. ಆಗ ನಿಮ್ಮ ಹಿರಿಯರು ಎಚ್ಚರಿಸಿದ್ದರೇ?

ಜನವರಿ 26. ಕ್ಲೀವ್‌ಲ್ಯಾಂಡಲ್ಲಿ ವಾಯುಭಾರ 28.28 ಇಂಚಿಗೆ ಕುಸೀತು. ರಾಜ್ಯದಲ್ಲಿ 51 ಜನ ಸತ್ತರು. ಅದರಲ್ಲಿ ತಮಾಷೆ ಇಲ್ಲ. ಹಿಂದಿನ ಶರತ್ಕಾಲದಲ್ಲಿ ನಮ್ಮೋರಲ್ಲಿ ಕಪ್ಪಗಿದ್ದೋರೂ ಇದ್ರು, ಕಂದಗಿದ್ದೋರೂ ಇದ್ರು, ಎಲ್ಲ ವರ್ಷದ ಹಾಗೆ. ಬಿರುಗಾಳಿ ಬಂದು ಹೋದ ಮೇಲೆ ಜನಕ್ಕೆ ಕಪ್ಪಗಿದ್ದವನೊಬ್ಬನೇ ನೆನಪಾಗ್ತಾನೆ. ಇನ್ನೊಂದು ಮಾತು. ಮೂರು ತಿಂಗಳ ಮುನ್ನೋಟ ಅಂದ್ರೆ ತೊಂಬತ್ತು ದಿನದ ಸರಾಸರಿ. ಎಂಬತ್ತೆಂಟು ದಿನ ಸುಮ್ಮನಿದ್ದು ಎರಡು ದಿನ ಬಿರುಗಾಳಿ ಬೀಸಿದ್ರೂ ಸರಾಸರಿ ಸೌಮ್ಯವೇ. ಜನ ಸಾಯೋದು ಸರಾಸರಿಯಿಂದಲ್ಲ, ಆ ಎರಡು ದಿನದಿಂದ. ಅದು ಕೆಲವೇ ದಿನ ಮೊದಲು ರಾಡಾರ್, ಉಪಗ್ರಹ ನೋಡೋರಿಗೆ ಗೊತ್ತಾಗೋ ವಿಷಯ.

ನಿಮ್ಮ ಪ್ರತಿಸ್ಪರ್ಧಿಗಳ ಬಗ್ಗೆ?

ಪೆನ್ಸಿಲ್ವೇನಿಯಾದ ಪಂಕ್ಸ್‌ಟಾನಿಯಲ್ಲಿ ಫಿಲ್ ಅಂತ ಒಬ್ಬ ಇದ್ದಾನೆ, ಬಿಲದಲ್ಲಿರೋ ಗ್ರೌಂಡ್‌ಹಾಗ್ ಅನ್ನೋ ಪ್ರಾಣಿ. ಫೆಬ್ರವರಿ 2ಕ್ಕೆ ಎದ್ದು ನೆರಳು ನೋಡಿ ಭವಿಷ್ಯ ಹೇಳ್ತಾನೆ. ಚಳಿಗಾಲ ಅರ್ಧವಾದ್ರೂ ಮುಗಿದಿರುತ್ತೆ ಆಗ! ಪರ್ಸಿಮನ್ ಹಣ್ಣಿನ ಬೀಜ ಸೀಳಿ ನೋಡೋರಿದ್ದಾರೆ. ಒಳಗೆ ಚಮಚದ ಆಕಾರ ಕಂಡ್ರೆ ಹಿಮ ಎತ್ತಬೇಕು, ಚಾಕು ಕಂಡ್ರೆ ಕೊರೆಯೋ ಗಾಳಿ, ಫೋರ್ಕ್ ಕಂಡ್ರೆ ಹಗುರ. ಇನ್ನು 1792ರಿಂದ ಬರ್ತಿರೋ ಓಲ್ಡ್ ಫಾರ್ಮರ್ಸ್ ಆಲ್ಮನಾಕ್ ಅನ್ನೋ ಪಂಚಾಂಗ. ಅವರ ಸೂತ್ರ ಒಂದು ಕಪ್ಪು ಪೆಟ್ಟಿಗೇಲಿ ಬೀಗ ಹಾಕಿ ಇಟ್ಟಿದ್ದಾರಂತೆ. ನನ್ನ ಸೂತ್ರ ಮೈಮೇಲೇ ಇದೆ, ಯಾವ ಬೀಗವೂ ಇಲ್ಲ. ಪಾರದರ್ಶಕತೆಯಲ್ಲಿ ನನ್ನನ್ನ ಮೀರಿಸೋರಿಲ್ಲ.

ಇಷ್ಟು ಊರುಗಳಿಗೆ ಭವಿಷ್ಯ ಹೇಳುವ ನಿಮ್ಮವರು ಶರತ್ಕಾಲದಲ್ಲಿ ಕಾರಿನ ಚಕ್ರಕ್ಕೆ ಸಿಕ್ಕಿ ಸಾಯುತ್ತಾರೆ...

ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಾನಿಗೆ ಬಿತ್ತು ಅಂತೀರಿ. ಅನ್ನಿ. ಆ ಹಲ್ಲೀನೂ ಪಾಪ ಯಾವತ್ತೂ ಶಕುನ ಹೇಳೋ ಕೆಲಸ ಕೇಳಿರಲಿಲ್ಲ.

ಹಾಗಿದ್ದರೆ ಮುನ್ನೋಟದಿಂದ ಊರಿಗೆ ಪ್ರಯೋಜನವೇ ಇಲ್ಲವೇ?

ನೀವೇ ನೋಡಿ. ರಸ್ತೆಗೆ ಸುರಿಯೋ ಉಪ್ಪಿಗೆ ಇಲ್ಲಿನ ಊರುಗಳು ಬೇಸಿಗೆಗೇ ಆರ್ಡರ್ ಕೊಟ್ಟಿರ್ತಾವೆ. ಆಗ ನಾನು ಮೊಟ್ಟೆಯಿಂದ ಹೊರಗೇ ಬಂದಿರಲ್ಲ. ಉಪ್ಪೇನು ದೂರದಿಂದ ಬರಬೇಕಾಗಿಲ್ಲ. ಕ್ಲೀವ್‌ಲ್ಯಾಂಡಿನ ಬಳಿ ಈರೀ ಸರೋವರದ ಅಡಿಯಲ್ಲೇ ಗಣಿ ಇದೆ. ಲಾರಿಗೆ ಹಿಮ ತಳ್ಳೋ ಹಲಗೆ ಕಟ್ಟೋದು, ಹೀಟರ್ ನೋಡ್ಸೋದು, ಕಾರಲ್ಲಿ ಒಂದು ಕಂಬಳಿ, ಒಂದು ಸಲಿಕೆ ಇಡೋದು, ಇದೆಲ್ಲ ಕಪ್ಪು ವರ್ಷಕ್ಕೂ ಅದೇ, ಕಂದು ವರ್ಷಕ್ಕೂ ಅದೇ. ಮುನ್ನೋಟ ಕೇಳಿ ಯಾರೂ ಅರ್ಧ ಸಲಿಕೆ ಕೊಂಡಿದ್ದು ನಾನು ನೋಡಿಲ್ಲ. ಜನಕ್ಕೆ ಬೇಕಾಗಿರೋದು ಸಿದ್ಧತೆಗೆ ಸಲಹೆ ಅಲ್ಲ, ಚಳಿಗೆ ಮುಂಚೆ ಮಾತಾಡೋಕೊಂದು ವಿಷಯ, ಚಳಿ ಆದ ಮೇಲೆ ಬೈಯೋಕೊಂದು ಹೆಸರು. ಎರಡಕ್ಕೂ ನಾನಿದ್ದೀನಿ.

ನಿಮ್ಮ ಸಿದ್ಧತೆ?

ನನಗೆ ಯಾವ ನಕ್ಷೆಯೂ ಬೇಡ. ಮೈಯೊಳಗೆ ಗ್ಲಿಸರಾಲ್ ತಯಾರು ಮಾಡ್ಕೋತೀನಿ. ಎಲೆ ಕೆಳಗೆ ಸುರುಳಿ ಸುತ್ತಿ ಮಲಗ್ತೀನಿ. ಚಳಿ ಏರಿದ ಹಾಗೆ ಗಟ್ಟಿ ಮಂಜಾಗೇ ಹೋಗ್ತೀನಿ. ಜೀವಕೋಶದ ಒಳಗೆ ಮಾತ್ರ ಮಂಜು ಕಟ್ಟದ ಹಾಗೆ ಗ್ಲಿಸರಾಲ್ ಕಾಯುತ್ತೆ. 1994ರ ಜನವರೀಲಿ ಕ್ಲೀವ್‌ಲ್ಯಾಂಡ್ ಮೈನಸ್ 29 ಡಿಗ್ರಿ ಸೆಲ್ಸಿಯಸ್ ಕಂಡಾಗ ನಿಮ್ಮೋರ ಕಾರು ಸ್ಟಾರ್ಟ್ ಆಗ್ತಿರಲಿಲ್ಲ, ನಮ್ಮೋರು ಹಾಯಾಗಿ ಕಲ್ಲಾಗಿದ್ರು. ಮೈಮೇಲಿನ ಕಂಬಳಿ ಬೆಚ್ಚಗಿಡೋಕೆ ಅಂತ ನೀವಂದ್ಕೊಂಡಿದ್ದೀರಿ. ನನ್ನನ್ನ ಬದುಕಿಸೋದು ಹೊದ್ದಿರೋ ಕಂಬಳಿಯಲ್ಲ, ಒಳಗಿನ ಔಷಧಿ. ಎಲ್ಲ ವರ್ಷವೂ ಘೋರ ಚಳಿಗೇ ತಯಾರಾಗ್ತೀನಿ. ಹಗುರ ಆದ್ರೆ ಲಾಭ.

ಕೊನೆಯ ಪ್ರಶ್ನೆ. ಓದುಗರು ಕಾಯುತ್ತಿದ್ದಾರೆ. ಈ ಸಲದ ಚಳಿಗಾಲ ಹೇಗಿರುತ್ತದೆ?

ಇಷ್ಟು ಹೊತ್ತು ಹೇಳಿದ್ದು ಯಾರಿಗೆ? ಸರಿ, ಬರ್ಕೊಳ್ಳಿ. ಡಿಸೆಂಬರಲ್ಲಿ ಚಳಿ, ಜನವರೀಲಿ ಜಾಸ್ತಿ ಚಳಿ, ಮಾರ್ಚಲ್ಲಿ ಸ್ವಲ್ಪ ಕಮ್ಮಿ ಚಳಿ. ಒಂದೆರಡು ಸಲ ಹಿಮ ಜೋರಾಗಿ ಬೀಳುತ್ತೆ, ಯಾರೂ ಅಂದುಕೊಳ್ಳದ ದಿನ. ಇದು ತಪ್ಪಿದ್ರೆ ಜಗಳ ಆಡೋಕೆ ಜೂನ್ ತಿಂಗಳಲ್ಲಿ ಬನ್ನಿ. ಅಷ್ಟೊತ್ತಿಗೆ ನಾನು ರೆಕ್ಕೆ ಬಂದು ಇಸಾಬೆಲ್ಲಾ ಹುಲಿ ಪತಂಗ ಆಗಿರ್ತೀನಿ. ಹಿಂದಿನ ಅಧಿಕಾರಿ ಕೊಟ್ಟ ಹೇಳಿಕೆಗೆ ಈಗಿನವರು ಹೊಣೆಯಲ್ಲ ಅನ್ನೋ ನಿಯಮ ನಮ್ಮ ಇಲಾಖೇಲೂ ಇದೆ.